ಮರಳಿನಿಂದ ಮರಳಿ ಬಂದ ಎಂಜಿನ್

ಇಂಗ್ಲೆಂಡಿನ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಸೇರಿದ ಹಳೆಯ ಎಂಜಿನ್‌ಗಳಲ್ಲಿ 673 ಎಂಬ ಸಂಖ್ಯೆಯದೊಂದು ಉಂಟು. ಮೈಬಣ್ಣ ಕಡುಗೆಂಪು. ನೋಡಿದವರ ಕಣ್ಣು ಮೊದಲು ನಿಲ್ಲುವುದು ಅದರ ನಡುವಿನ ಗಾಲಿಯ ಮೇಲೆ. ಎತ್ತರ 7 ಅಡಿ 9 ಅಂಗುಲ, ಅಂದರೆ ಸುಮಾರು 2.36 ಮೀಟರ್. ಆರಡಿಯ ಆಳು ಪಕ್ಕದಲ್ಲಿ ನಿಂತು ಕೈ ಮೇಲೆತ್ತಿದರೆ ಬೆರಳ ತುದಿ ಗಾಲಿಯ ಮೇಲಂಚನ್ನು ಮುಟ್ಟೀತು, ಅಷ್ಟೆ. ಮುಂದೆ ನಾಲ್ಕು ಪುಟ್ಟ ಗಾಲಿಗಳಿವೆ, ಹಿಂದೆ ಎರಡು. ಆ ಆರೂ ಬರೀ ಭಾರ ಹೊರುವುದಕ್ಕೆ. ರೈಲನ್ನು ಎಳೆಯುವ ದುಡಿಮೆಯೆಲ್ಲ ನಡುವಿನ ಆ ಒಂದೇ ಜೋಡಿಯದು.

ಎಳೆಯುವ ಗಾಲಿಗಳು ಒಂದೇ ಜೋಡಿಯಿರುವ ಇಂಥ ಎಂಜಿನ್‌ಗಳಿಗೆ ಆಂಗ್ಲರು ‘ಸಿಂಗಲ್’ ಎನ್ನುತ್ತಿದ್ದರು. 673 ತಯಾರಾದದ್ದು 1897ರಲ್ಲಿ, ಡಾರ್ಬಿ ನಗರದ ಮಿಡ್ಲೆಂಡ್ ರೈಲ್ವೆ ಕಾರ್ಖಾನೆಯಲ್ಲಿ. ಆಗ ಅದರ ಸಂಖ್ಯೆ 118 ಆಗಿತ್ತು. 1887ರಿಂದ 1900ರವರೆಗೆ, ಅಂದರೆ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಆ ಕಂಪನಿ ಇಂಥ 95 ಎಂಜಿನ್‌ಗಳನ್ನು ಕಟ್ಟಿತು. ಸೋಜಿಗವೆಂದರೆ, ಅದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲೇ ಇದೇ ಕಂಪನಿ ಸಿಂಗಲ್‌ಗಳ ಕಾಲ ಮುಗಿಯಿತೆಂದು ಅವನ್ನು ಕಟ್ಟುವುದನ್ನು ಬಿಟ್ಟುಬಿಟ್ಟಿತ್ತು. ಹೀಗೆ ತೀರಿಹೋದ ಜಾತಿಯೊಂದು ಮತ್ತೆ ಎದ್ದು ಬಂದು ಇಂಗ್ಲೆಂಡಿನ ಅತಿ ವೇಗದ ರೈಲುಗಳನ್ನು ಎಳೆಯಿತು. ಅದನ್ನು ಎಬ್ಬಿಸಿದ್ದು ಹಿಡಿ ಮರಳು ಎಂದರೆ ನಂಬುವುದು ಕಷ್ಟ. ಆದರೆ ನಡೆದದ್ದು ಹಾಗೆಯೇ.

ಮೊದಲು ಅದನ್ನು ಬಿಟ್ಟದ್ದೇಕೆ ಎಂದು ನೋಡೋಣ. ಹಗ್ಗಜಗ್ಗಾಟದ ಪಂದ್ಯದಲ್ಲಿ ಊರಿಗೆಲ್ಲ ಬಲಶಾಲಿಯಾದ ಪೈಲ್ವಾನನನ್ನು ಪಾಚಿಗಟ್ಟಿದ ಚಪ್ಪಡಿಯ ಮೇಲೆ ನಿಲ್ಲಿಸಿದರೆ ಏನಾದೀತು? ತೋಳಿನಲ್ಲಿ ಕಸುವಿದ್ದರೂ ಕಾಲು ಜಾರುತ್ತದೆ. ಕಾಲಿಗೆ ಆಸರೆ ಇಲ್ಲದ ಮೇಲೆ ತೋಳ್ಬಲ ವ್ಯರ್ಥ. ರೈಲು ಎಂಜಿನ್ನಿನ ಪಾಡೂ ಇದೇ. ಉಗಿಯ ಒತ್ತಡ, ಸಿಲಿಂಡರಿನ ಗಾತ್ರ ಇವೆಲ್ಲ ಅದರ ತೋಳು. ಗಾಲಿಯೇ ಕಾಲು. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಮುಟ್ಟುವ ಜಾಗವೋ, ಒಂದು ಉಗುರಿನಷ್ಟು ಅಗಲ! ಸಿಂಗಲ್ ಎಂಜಿನ್ನಿನ ಎರಡು ಗಾಲಿಗಳ ಅಡಿಯ ಅಂಥ ಎರಡು ಉಗುರಗಲದ ಜಾಗದ ಮೇಲೆ ಇಡೀ ರೈಲಿನ ಪ್ರಯಾಣ ನಿಂತಿರುತ್ತದೆ.

ಗಣಿತದಲ್ಲಿ ಆಸಕ್ತಿಯುಳ್ಳವರು ಇದನ್ನು ಲೆಕ್ಕ ಹಾಕಿ ನೋಡಬಹುದು. 673 ಸೇರಿದ ವರ್ಗದ ಎಂಜಿನ್‌ಗಳ ಸಿಲಿಂಡರಿನ ವ್ಯಾಸ 19.5 ಅಂಗುಲ, ಪಿಸ್ಟನ್ನಿನ ಓಡಾಟ 26 ಅಂಗುಲ, ಬಾಯ್ಲರಿನ ಒತ್ತಡ ಚದರ ಅಂಗುಲಕ್ಕೆ 170 ಪೌಂಡ್. ಎಂಜಿನಿಯರುಗಳು ಬಳಸುವ ಸೂತ್ರಕ್ಕೆ ಇವನ್ನು ಹಾಕಿದರೆ ಎಳೆಯುವ ಬಲ ಹೆಚ್ಚುಕಡಿಮೆ 7 ಟನ್ ಬರುತ್ತದೆ. ಇದು ತೋಳ್ಬಲ. ಎಳೆಯುವ ಜೋಡಿಗಾಲಿಯ ಮೇಲೆ ಕೂತ ಭಾರ ಸುಮಾರು 18 ಟನ್. ಹಳಿ ಒಣಗಿ ಶುಚಿಯಾಗಿದ್ದರೆ ಆ ಭಾರದ ನಾಲ್ಕನೆಯ ಒಂದು ಪಾಲಿನಷ್ಟು, ಅಂದರೆ 4.5 ಟನ್ ಎಳೆತವನ್ನು ಗಾಲಿ ಜಾರದೆ ತಡೆದುಕೊಳ್ಳುತ್ತದೆ. ತುಂತುರು ಮಳೆ ಬಿದ್ದು ಹಳಿಯ ಮೇಲೆ ಜಿಡ್ಡು ಕೂತಿದ್ದರೆ ಅದು ಹತ್ತನೆಯ ಒಂದಕ್ಕೆ ಇಳಿಯುತ್ತದೆ. ಆಗ ಸಿಗುವುದು ಬರೀ 1.8 ಟನ್. ಏಳು ಟನ್ನಿನ ತೋಳು, ಎರಡು ಟನ್ನಿನ ಕಾಲು!

ಜೋರು ಮಳೆಗಿಂತ ತುಂತುರು ಮಳೆ ಹೆಚ್ಚು ಅಪಾಯಕಾರಿ ಎಂಬುದನ್ನೂ ಇಲ್ಲೇ ಹೇಳಬೇಕು. ಜಡಿಮಳೆ ಹಳಿಯನ್ನು ತೊಳೆದುಬಿಡುತ್ತದೆ. ತುಂತುರು ಹಾಗಲ್ಲ. ಎಣ್ಣೆ, ಮಸಿ, ತುಕ್ಕಿನ ಪುಡಿ, ಉದುರಿದ ಎಲೆಯ ರಸ ಇವನ್ನೆಲ್ಲ ಕಲಸಿ ಹಳಿಗೆ ಸವರುತ್ತದೆ. ಇಂಗ್ಲೆಂಡಿನ ಹವೆಯೋ, ತುಂತುರಿಗೆ ಹೆಸರಾದದ್ದು.

ಗಾಲಿ ಜಾರಿದರೆ ಆಗುವುದೇನು? ರೈಲು ನಿಂತಲ್ಲೇ ನಿಂತು ಗಾಲಿ ಮಾತ್ರ ಗಿರ್ರನೆ ತಿರುಗುತ್ತದೆ. ಹೊಗೆಕೊಳವೆ ಬುಸ್ ಬುಸ್ ಎನ್ನುವುದನ್ನು ಬಿಟ್ಟು ಒಮ್ಮೆಲೇ ಅಬ್ಬರಿಸುತ್ತದೆ. ಆ ರಭಸದ ಗಾಳಿಯ ಸೆಳೆತಕ್ಕೆ ಒಲೆಯಲ್ಲಿನ ಕೆಂಡ ಹರಿದು ಹೊಗೆಕೊಳವೆಯಲ್ಲಿ ಹಾರಿಹೋಗುತ್ತದೆ. ಹಳಿ ಒಂದೇ ಜಾಗದಲ್ಲಿ ಸವೆದು ತಗ್ಗು ಬೀಳುತ್ತದೆ. ಚಾಲಕ ಕೂಡಲೇ ಉಗಿ ನಿಲ್ಲಿಸಿ ಮತ್ತೆ ಮೆಲ್ಲನೆ ಬಿಡಬೇಕು. ಏರಿನ ನಡುವೆ ಹೀಗಾಯಿತೆನ್ನಿ, ರೈಲು ಅಲ್ಲೇ ಕೂತುಬಿಡುತ್ತದೆ, ಹಿಂದೆ ಬರುವ ರೈಲುಗಳೆಲ್ಲ ಒಂದರ ಹಿಂದೊಂದು ಕಾಯಬೇಕಾಗುತ್ತದೆ.

ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಸರಳವಾದದ್ದೇ. ಎಳೆಯುವ ಜೋಡಿಯನ್ನು ಅದರ ಹಿಂದಿನ ಅಥವಾ ಮುಂದಿನ ಜೋಡಿಗೆ ಕಪ್ಲಿಂಗ್ ರಾಡ್ ಎಂಬ ಉಕ್ಕಿನ ಸರಳಿನಿಂದ ಕಟ್ಟಿಬಿಟ್ಟರು. ಒಂದು ತಿರುಗಿದರೆ ಇನ್ನೊಂದೂ ತಿರುಗಬೇಕು. ಎರಡು ಗಾಲಿ ಎಳೆಯುತ್ತಿದ್ದಲ್ಲಿ ನಾಲ್ಕು ಎಳೆಯತೊಡಗಿದವು, ಉಪಯೋಗಕ್ಕೆ ಬರುವ ಭಾರ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1860ರ ದಶಕದ ಹೊತ್ತಿಗೆ ಬಹುತೇಕ ಕಂಪನಿಗಳು ಈ ದಾರಿ ಹಿಡಿದಿದ್ದವು. ಹಟ ಬಿಡದವರೂ ಇದ್ದರು. ಗ್ರೇಟ್ ನಾರ್ದರ್ನ್ ಕಂಪನಿಯ ಪ್ಯಾಟ್ರಿಕ್ ಸ್ಟರ್ಲಿಂಗ್ 1870ರಿಂದ 8 ಅಡಿ ಗಾಲಿಯ ಸಿಂಗಲ್‌ಗಳನ್ನು ಕಟ್ಟುತ್ತಲೇ ಬಂದ. ಗಾಲಿಗಳನ್ನು ಸರಳಿನಿಂದ ಕಟ್ಟಿದ ಎಂಜಿನ್ ಓಡುವುದು ಚಡ್ಡಿ ಕಾಲಿಗೆ ಜಾರಿದ ಹುಡುಗ ಓಡಿದ ಹಾಗೆ ಎಂದು ಅವನು ಗೇಲಿ ಮಾಡುತ್ತಿದ್ದನೆಂಬ ಮಾತು ರೈಲು ಪ್ರಿಯರ ವಲಯದಲ್ಲಿ ಇಂದಿಗೂ ಪ್ರಸಿದ್ಧ.

ಗೇಲಿಯಲ್ಲಿ ಸತ್ಯವೂ ಇತ್ತು. ಸರಳಿನಿಂದ ಕಟ್ಟಿದ ಗಾಲಿಗಳೆಲ್ಲ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಳತೆಯಲ್ಲಿರಬೇಕು. ಒಂದು ಜೋಡಿ ಸ್ವಲ್ಪ ಹೆಚ್ಚು ಸವೆದರೂ ಒಂದು ಇನ್ನೊಂದನ್ನು ಎಳೆದಾಡುತ್ತದೆ. ಆ ಜಗ್ಗಾಟದಲ್ಲಿ ಉಗಿಯ ಶಕ್ತಿ ಪೋಲಾಗುತ್ತದೆ. ಅತಿ ವೇಗದಲ್ಲಿ ತಿರುಗುವ ಆ ಭಾರದ ಸರಳು ಮುರಿದರಂತೂ ಅನಾಹುತವೇ. ಸಿಂಗಲ್‌ಗೆ ಈ ರಗಳೆ ಒಂದೂ ಇಲ್ಲ. ಅದರ ಗಾಲಿಯನ್ನು ಎಷ್ಟು ದೊಡ್ಡದು ಬೇಕಾದರೂ ಮಾಡಬಹುದು. ಗಾಲಿ ದೊಡ್ಡದಾದರೆ ಲಾಭವೇನು? 7 ಅಡಿ 9 ಅಂಗುಲದ ಗಾಲಿ ಒಮ್ಮೆ ಸುತ್ತಿದರೆ ರೈಲು ಸುಮಾರು 7.4 ಮೀಟರ್ ಮುಂದೆ ಸಾಗುತ್ತದೆ. ಗಂಟೆಗೆ 60 ಮೈಲಿ, ಅಂದರೆ 96 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ನಾಲ್ಕು ಸುತ್ತಿಗಿಂತಲೂ ಕಡಿಮೆ ಸುತ್ತುತ್ತದೆ. ಆರಡಿಯ ಗಾಲಿಯಾದರೆ ಐದು ಸುತ್ತಿನ ಹತ್ತಿರ ಬರುತ್ತದೆ. ಸುತ್ತು ಕಡಿಮೆಯಾದಷ್ಟೂ ಪಿಸ್ಟನ್ನಿನ ಓಟ ನಿಧಾನ, ಸವೆತ ಕಡಿಮೆ. ಉಗಿ ಸಿಲಿಂಡರಿಗೆ ನುಗ್ಗಿ ಹೊರಬರಲು ಬಿಡುವು ಹೆಚ್ಚು.

ಹೀಗೆ ಸಿಂಗಲ್ ಎಲ್ಲ ಪರೀಕ್ಷೆಗಳಲ್ಲೂ ಒಳ್ಳೆಯ ಅಂಕ ಪಡೆದು ಒಂದೇ ವಿಷಯದಲ್ಲಿ ನಪಾಸಾದ ವಿದ್ಯಾರ್ಥಿಯಂತಿತ್ತು. ಆ ವಿಷಯ, ಕಾಲು ಜಾರುವುದು. ಸ್ಯಾಮ್ಯುಯೆಲ್ ವೇಟ್ ಜಾನ್ಸನ್ 1873ರಲ್ಲಿ ಮಿಡ್ಲೆಂಡ್ ರೈಲ್ವೆಯ ಎಂಜಿನ್ ವಿಭಾಗದ ಮುಖ್ಯಸ್ಥನಾಗಿ ಬಂದಾಗ ಅವನೂ ಕಾಲಕ್ಕೆ ತಕ್ಕಂತೆ ಸರಳಿನಿಂದ ಕಟ್ಟಿದ ಗಾಲಿಗಳ ಎಂಜಿನ್‌ಗಳನ್ನೇ ಕಟ್ಟಿದ, ಹದಿಮೂರು ವರ್ಷ ಅವನ್ನೇ ಮುಂದುವರಿಸಿದ. ಅಷ್ಟರಲ್ಲಿ ಅವನ ಕೈಕೆಳಗೆ ಡಾರ್ಬಿ ಕಾರ್ಖಾನೆಯ ವ್ಯವಸ್ಥಾಪಕನಾಗಿದ್ದ ಫ್ರಾನ್ಸಿಸ್ ಹೋಲ್ಟ್ ಎಂಬುವನು ಮರಳಿನ ಬೆನ್ನು ಹತ್ತಿದ.

ಗಾಲಿ ಜಾರಿದರೆ ಹಳಿಗೆ ಮರಳು ಹಾಕುವುದು ಹೊಸ ಸಂಗತಿಯೇನಲ್ಲ. ಎಂಜಿನ್ನಿನ ಮೇಲೆ ಮರಳಿನ ಪೆಟ್ಟಿಗೆ, ಅದರಿಂದ ಗಾಲಿಯ ಮುಂದಕ್ಕೆ ಇಳಿದ ಕೊಳವೆ, ಚಾಲಕನ ಕೈಗೊಂದು ಹಿಡಿಕೆ ಮೊದಲಿನಿಂದಲೂ ಇದ್ದವು. ಹಿಡಿಕೆ ಎಳೆದರೆ ಮರಳು ತನ್ನ ಭಾರಕ್ಕೆ ತಾನೇ ಸುರಿಯುತ್ತಿತ್ತು. ನಿಂತ ರೈಲನ್ನು ಹೊರಡಿಸಲು ಅಷ್ಟು ಸಾಕು. ಓಡುವ ರೈಲಿನಲ್ಲಿ ಮಾತ್ರ ಅದು ನಡೆಯದು. ಎಂಜಿನ್ ಗಂಟೆಗೆ ಐವತ್ತು ಅರವತ್ತು ಮೈಲಿ ವೇಗದಲ್ಲಿ ಓಡುವಾಗ ಕೊಳವೆಯಿಂದ ಉದುರುವ ಮರಳನ್ನು ಗಾಳಿ ಹೊಡೆದುಕೊಂಡು ಹೋಗುತ್ತದೆ. ಅಡ್ಡಗಾಳಿ ಬೀಸಿದರೆ ಒಂದು ಹಳಿಗೆ ಬಿದ್ದು ಇನ್ನೊಂದಕ್ಕೆ ಬೀಳುವುದಿಲ್ಲ. ಚಾಲಕ ಗಾಬರಿಯಿಂದ ಜಾಸ್ತಿ ಸುರಿದರೆ ಅದೂ ತೊಂದರೆಯೇ. ಹಿಂದಿನ ಗಾಡಿಗಳ ಗಾಲಿಗಳೆಲ್ಲ ಆ ಮರಳನ್ನು ಅರೆಯುತ್ತ ಬರಬೇಕಾಗಿ ರೈಲು ಇನ್ನಷ್ಟು ಭಾರವಾಗುತ್ತದೆ. ಬೇಕಾದದ್ದು ಚಿಟಿಕೆಯಷ್ಟೇ ಮರಳು. ಆದರೆ ಅದು ಗಾಲಿ ಹಳಿಯನ್ನು ಮುಟ್ಟುವ ಆ ಉಗುರಗಲದ ಜಾಗದಲ್ಲೇ, ಆ ಕ್ಷಣದಲ್ಲೇ ಬೀಳಬೇಕು.

ಹೋಲ್ಟ್ ಮೊದಲು ಹಿಡಿದದ್ದು ಒತ್ತಡದ ಗಾಳಿಯನ್ನು. ಕೆಲವು ಎಂಜಿನ್‌ಗಳಲ್ಲಿ ಬ್ರೇಕಿಗಾಗಿ ಗಾಳಿ ತುಂಬುವ ಪಂಪು ಇರುತ್ತಿತ್ತು. ಅದರ ಗಾಳಿಯಿಂದಲೇ ಮರಳನ್ನು ಊದಿದರಾಯಿತು ಎಂದುಕೊಂಡ. ಉಪಾಯ ಫಲಿಸಿತು. ಆದರೆ ಬ್ರೇಕ್ ತಯಾರಿಸುವವರು ಆಕ್ಷೇಪವೆತ್ತಿದರು. ಬ್ರೇಕಿಗೆಂದು ಇಟ್ಟ ಗಾಳಿಯನ್ನು ಮರಳು ಊದಲು ಖರ್ಚು ಮಾಡಿ, ಹೊತ್ತಿಗೆ ಬ್ರೇಕ್ ಹಿಡಿಯದಿದ್ದರೆ ಹೊಣೆ ಯಾರದು? ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಗಾಳಿ ಬೇಡವೆಂದಾದ ಮೇಲೆ ಎಂಜಿನ್ನಿನಲ್ಲಿ ಧಾರಾಳವಾಗಿ ಇರುವುದೇನು? ಉಗಿ! ಹಾಗೆ 1886ರ ಸುಮಾರಿಗೆ ಉಗಿಯಿಂದ ಮರಳು ಊದುವ ಸಾಧನ ಬಂತು.

ಅದರ ಕೆಲಸ ತಿಳಿಯಲು ಹಿಂದೆ ಮನೆಗಳಲ್ಲಿ ಸೊಳ್ಳೆಗೆ ಔಷಧ ಹೊಡೆಯುತ್ತಿದ್ದ ಫ್ಲಿಟ್ ಪಂಪನ್ನು ನೆನೆಸಿಕೊಂಡರೆ ಸಾಕು. ಅಪ್ಪ ಅಮ್ಮಂದಿರು ಅದನ್ನು ಕಂಡಿರುತ್ತಾರೆ. ಹಿಡಿಯನ್ನು ದೂಡಿದಾಗ ಸಣ್ಣ ರಂಧ್ರದಿಂದ ಗಾಳಿ ರಭಸವಾಗಿ ಹೊರಬರುತ್ತದೆ. ಆ ರಭಸ ಇರುವಲ್ಲಿ ಒತ್ತಡ ಕಡಿಮೆಯಾಗಿ ಡಬ್ಬಿಯ ಔಷಧ ಮೇಲಕ್ಕೆ ಸೆಳೆಯಲ್ಪಟ್ಟು ಹನಿಹನಿಯಾಗಿ ಚಿಮ್ಮುತ್ತದೆ. ಇಲ್ಲಿಯೂ ಹಾಗೆಯೇ. ಗಾಲಿಯ ಬುಡದ ಕಡೆ ಮೂತಿ ಮಾಡಿದ ಸಣ್ಣ ನಳಿಕೆಯಿಂದ ಉಗಿ ಚಿಮ್ಮುತ್ತದೆ, ಪೆಟ್ಟಿಗೆಯಿಂದ ಮರಳನ್ನು ಗಾಳಿಯ ಸಮೇತ ಸೆಳೆಯುತ್ತದೆ, ಗಾಲಿ ಮತ್ತು ಹಳಿ ಸೇರುವ ಸಂದಿಗೇ ಗುರಿಯಿಟ್ಟು ಹೊಡೆಯುತ್ತದೆ. ಅಡ್ಡಗಾಳಿಯ ಆಟ ಅದರ ಮುಂದೆ ನಡೆಯುವುದಿಲ್ಲ. ಗಟ್ಟಿಯಾದ ಮರಳಿನ ಕಣ ಗಾಲಿಯಡಿ ಸಿಕ್ಕಿ ಪುಡಿಯಾಗುತ್ತದೆ, ಜಿಡ್ಡಿನ ಪೊರೆಯನ್ನು ಹರಿದು ಉಕ್ಕಿಗೆ ಉಕ್ಕಿನ ಹಿಡಿತ ಕೊಡುತ್ತದೆ. ಮುಂಚಿನ ಲೆಕ್ಕಕ್ಕೆ ಮರಳಿದರೆ, ಹತ್ತನೆಯ ಒಂದಕ್ಕೆ ಬಿದ್ದಿದ್ದ ಹಿಡಿತ ಮರಳಿನಿಂದ ಮತ್ತೆ ನಾಲ್ಕನೆಯ ಒಂದಕ್ಕೆ ಏರುತ್ತದೆ, ಒಣ ಹಳಿಯಾದರೆ ಮೂರನೆಯ ಒಂದರ ಹತ್ತಿರಕ್ಕೂ ಹೋಗುತ್ತದೆ.

ಮರಳು ಎಂದರೆ ಹೊಳೆಯ ದಡದಿಂದ ಬಾಚಿ ತಂದು ಸುರಿಯುವುದಲ್ಲ. ಒದ್ದೆ ಮರಳು ಕೊಳವೆಯಲ್ಲಿ ಕಟ್ಟಿಕೊಳ್ಳುತ್ತದೆ. ಎಂಜಿನ್ ಶೆಡ್‌ಗಳಲ್ಲಿ ಮರಳು ಒಣಗಿಸುವುದಕ್ಕೆಂದೇ ಒಲೆಗಳಿರುತ್ತಿದ್ದವು. ಸೋಸಿ, ಹುರಿಗಡಲೆ ಹುರಿಯುವವರ ಬಾಣಲೆಯ ಮರಳಿನಂತೆ ಬೆಚ್ಚಗೆ ಒಣಗಿಸಿದ ಮರಳನ್ನು ಬಕೆಟ್ಟುಗಳಲ್ಲಿ ಹೊತ್ತು ಎಂಜಿನ್ನಿಗೆ ತುಂಬಬೇಕಿತ್ತು. ರೈಲು ವೇಳೆಗೆ ಸರಿಯಾಗಿ ಬಂದಾಗ ಚಾಲಕನಿಗೆ ಶಹಬ್ಬಾಸ್ ಸಿಗುತ್ತಿತ್ತು. ಮರಳು ಹುರಿದವನ ಹೆಸರನ್ನು ಯಾವ ಪುಸ್ತಕದಲ್ಲಿ ಹುಡುಕುವುದು!

ಜಾನ್ಸನ್ ತಡಮಾಡಲಿಲ್ಲ. 1887ರಲ್ಲಿ 7 ಅಡಿ 4 ಅಂಗುಲದ ಗಾಲಿಯ ಹೊಸ ಸಿಂಗಲ್‌ಗಳು ಡಾರ್ಬಿಯಿಂದ ಹೊರಬಿದ್ದವು. ಮುಂದೆ ಗಾಲಿ 7 ಅಡಿ 6 ಅಂಗುಲಕ್ಕೆ ಬೆಳೆಯಿತು, 1896ರಿಂದ 7 ಅಡಿ 9 ಅಂಗುಲಕ್ಕೆ, 1899ರ ಕೊನೆಯ ತಂಡದಲ್ಲಿ ಇನ್ನೂ ಅರ್ಧ ಅಂಗುಲ ಹೆಚ್ಚು. 1889ರ ಪ್ಯಾರಿಸ್ ಮಹಾ ಪ್ರದರ್ಶನಕ್ಕೆ ಇವುಗಳಲ್ಲೊಂದು ಹೋಯಿತು. ಐಫೆಲ್ ಗೋಪುರ ಮೊದಲು ಜನರ ಕಣ್ಣಿಗೆ ಬಿದ್ದದ್ದು ಇದೇ ಪ್ರದರ್ಶನದಲ್ಲಿ. 1900ರ ಪ್ಯಾರಿಸ್ ಪ್ರದರ್ಶನಕ್ಕೆ ‘ಪ್ರಿನ್ಸೆಸ್ ಆಫ್ ವೇಲ್ಸ್’ ಎಂಬ ಹೆಸರಿನ ಇನ್ನೊಂದು ಹೋಯಿತು. ಆ ಹೊತ್ತಿಗೆ ಗ್ರೇಟ್ ವೆಸ್ಟರ್ನ್, ನಾರ್ತ್ ಈಸ್ಟರ್ನ್ ಮುಂತಾದ ಕಂಪನಿಗಳೂ ಸಿಂಗಲ್‌ಗಳನ್ನು ಹೊಸದಾಗಿ ಕಟ್ಟಿಸಿಕೊಂಡಿದ್ದವು.

ಜಾನ್ಸನ್ನನ ಎಂಜಿನ್‌ಗಳಿಗೆ ಜನ ಇಟ್ಟ ಅಡ್ಡಹೆಸರು ‘ಸ್ಪಿನ್ನರ್’. ಸ್ಪಿನ್ನರ್ ಎಂದರೆ ಕನ್ನಡದ ಮನೆಗಳಲ್ಲಿ ಮೊದಲು ನೆನಪಾಗುವುದು ಚಂದ್ರಶೇಖರ್, ಪ್ರಸನ್ನ, ಕುಂಬ್ಳೆ ಇವರೇ ಸರಿ. ಇಲ್ಲಿ ತಿರುಗುತ್ತಿದ್ದದ್ದು ಗಾಲಿ. ಸಿಲಿಂಡರು, ಪಿಸ್ಟನ್ನು ಎಲ್ಲ ಚೌಕಟ್ಟಿನ ಒಳಗೆ ಅಡಗಿದ್ದವು. ಹೊರಗೆ ಕಪ್ಲಿಂಗ್ ರಾಡು ಇಲ್ಲ. ಹೀಗಾಗಿ ಪಕ್ಕದಲ್ಲಿ ನಿಂತು ನೋಡುವವನಿಗೆ ಮೇಲೆ ಕೆಳಗೆ ಹೊಯ್ದಾಡುವ ಯಾವ ಸರಳೂ ಕಾಣುತ್ತಿರಲಿಲ್ಲ. ದೊಡ್ಡ ಗಾಲಿಯೊಂದು ತನ್ನಷ್ಟಕ್ಕೆ ಬುಗುರಿಯಂತೆ ನುಣ್ಣಗೆ ತಿರುಗುತ್ತ ಹೋಗುತ್ತಿತ್ತು. ಇಂಗ್ಲೆಂಡಿನಲ್ಲಿ ಇದುವರೆಗೆ ಕಟ್ಟಿದ ಅತ್ಯಂತ ಚೆಲುವಾದ ಎಂಜಿನ್ ಇದೇ ಎಂದು ವಾದಿಸುವವರು ಇಂದಿಗೂ ಇದ್ದಾರೆ. ಚಿತ್ರ ನೋಡಿದವರಿಗೆ ಅದು ಉತ್ಪ್ರೇಕ್ಷೆ ಅನ್ನಿಸದು. ಚೆಲುವಿನ ಜೊತೆಗೆ ಓಟವೂ ಇತ್ತು. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಲೆಸ್ಟರ್, ನಾಟಿಂಗ್‌ಹ್ಯಾಮ್ ಕಡೆಗೆ ಹೋಗುವ ಎಕ್ಸ್‌ಪ್ರೆಸ್‌ಗಳು ಇವುಗಳ ಪಾಲು. ಇಳಿಜಾರಿನಲ್ಲಿ ಗಂಟೆಗೆ 90 ಮೈಲಿ, ಅಂದರೆ ಸುಮಾರು 145 ಕಿ.ಮೀ. ವೇಗ ಮುಟ್ಟಿದ ದಾಖಲೆಯೂ ಉಂಟು.

ಇಷ್ಟೆಲ್ಲ ಇದ್ದೂ 1900ರ ನಂತರ ಒಂದು ಸ್ಪಿನ್ನರ್ ಕೂಡ ಕಟ್ಟಲ್ಪಡಲಿಲ್ಲ. ಕಾರಣ ಹುಡುಕಲು ಎಂಜಿನ್ನಿನ ಹಿಂದೆ ಕಟ್ಟಿದ ಗಾಡಿಗಳನ್ನು ನೋಡಬೇಕು.

ಮಿಡ್ಲೆಂಡ್ ಕಂಪನಿ ಪ್ರಯಾಣಿಕರ ಸುಖಕ್ಕೆ ಹೆಸರಾದದ್ದು. 1872ರಲ್ಲೇ ತನ್ನ ಎಲ್ಲ ರೈಲುಗಳಲ್ಲೂ ಮೂರನೆಯ ದರ್ಜೆಯವರಿಗೆ ಪ್ರವೇಶ ಕೊಟ್ಟಿತು. ಅದಕ್ಕೆ ಮೊದಲು ಬಡವರಿಗೆ ವೇಗದ ರೈಲುಗಳು ಸಿಗುತ್ತಿರಲಿಲ್ಲ. 1875ರಲ್ಲಿ ಎರಡನೆಯ ದರ್ಜೆಯನ್ನೇ ತೆಗೆದುಹಾಕಿ, ಆ ಮೆತ್ತೆಯ ಆಸನಗಳ ಸುಖವನ್ನು ಮೂರನೆಯ ದರ್ಜೆಯವರಿಗೆ ಒದಗಿಸಿತು. ಉಳಿದ ಕಂಪನಿಗಳು ಕೂಗಾಡಿದವು, ಆಮೇಲೆ ಅದೇ ದಾರಿ ಹಿಡಿದವು. ಜನ ಒಮ್ಮೆ ಸುಖದ ರುಚಿ ಕಂಡರೆ ಮುಗಿಯಿತು. ಊಟದ ಗಾಡಿ ಬೇಕು, ಶೌಚಾಲಯ ಬೇಕು, ಒಂದು ಗಾಡಿಯಿಂದ ಇನ್ನೊಂದಕ್ಕೆ ಓಡಾಡುವ ಮೊಗಸಾಲೆ ಬೇಕು. ಒಂದೊಂದಕ್ಕೂ ಟನ್‌ಗಟ್ಟಲೆ ತೂಕ. ಸ್ಪಿನ್ನರ್ 200 ಟನ್ನಿನ ರೈಲನ್ನು ಹೂವಿನಂತೆ ಎಳೆಯುತ್ತಿತ್ತು, 250ಕ್ಕೂ ಹೆದರುತ್ತಿರಲಿಲ್ಲ. ಅದಕ್ಕಿಂತ ಮೇಲೆ ಹೋದರೆ ಏದುಸಿರು.

ಇಲ್ಲಿ ಮರಳಿನ ಮಿತಿ ಬಯಲಾಯಿತು. ಹಿಡಿತ ಎಂಬುದು ಎರಡು ಸಂಖ್ಯೆಗಳ ಗುಣಲಬ್ಧ. ಒಂದು, ಗಾಲಿ ಮತ್ತು ಹಳಿಯ ನಡುವಿನ ಘರ್ಷಣೆ. ಇನ್ನೊಂದು, ಗಾಲಿಯ ಮೇಲೆ ಕೂತ ಭಾರ. ಮರಳು ಹೆಚ್ಚಿಸುವುದು ಮೊದಲನೆಯದನ್ನು ಮಾತ್ರ. ಎರಡನೆಯದನ್ನು ಹೆಚ್ಚಿಸೋಣವೆಂದರೆ ಅಂದಿನ ಹಳಿಗಳೂ ಸೇತುವೆಗಳೂ ಒಂದು ಅಚ್ಚಿನ ಮೇಲೆ 18–19 ಟನ್ನಿಗಿಂತ ಬಹಳ ಹೆಚ್ಚನ್ನು ಸಹಿಸುತ್ತಿರಲಿಲ್ಲ. ಒಂದೇ ಅಚ್ಚಿನಿಂದ ಎಳೆಯುವ ಎಂಜಿನ್ನಿಗೆ ಅಲ್ಲಿಗೆ ಗೋಡೆ. ಏರನ್ನೂ ಸೇರಿಸಿ ನೋಡಿ. 200 ಟನ್ ರೈಲು, ಎಂಜಿನ್ ಮತ್ತು ಕಲ್ಲಿದ್ದಲ ಬಂಡಿ ಸೇರಿ 80 ಟನ್, ಒಟ್ಟು 280. ಇನ್ನೂರು ಅಡಿಗೆ ಒಂದು ಅಡಿಯ ಏರಿನಲ್ಲಿ, ಬರೀ ಆ ಭಾರವನ್ನು ಮೇಲೆತ್ತಲು 1.4 ಟನ್ ಹೆಚ್ಚುವರಿ ಎಳೆತ ಬೇಕು. ರೈಲಿನ ಭಾರ 350 ಟನ್ ಆದರೆ ಅದು 2 ಟನ್ ದಾಟುತ್ತದೆ. ಎಷ್ಟು ಮರಳು ಊದಿದರೂ ಈ ಲೆಕ್ಕ ಒಂದಲ್ಲ ಒಂದು ಕಡೆ ಸೋಲಲೇಬೇಕು.

ಜಾನ್ಸನ್ ಇದನ್ನು ಅರಿಯದವನಲ್ಲ. ಸಿಂಗಲ್‌ಗಳ ಜೊತೆಜೊತೆಗೇ ನಾಲ್ಕು ಗಾಲಿ ಎಳೆಯುವ ಎಂಜಿನ್‌ಗಳನ್ನೂ ಕಟ್ಟುತ್ತ ಬಂದಿದ್ದ. 1902ರಲ್ಲಿ, ನಿವೃತ್ತಿಗೆ ಸ್ವಲ್ಪ ಮುಂಚೆ, ಅದೇ ಉಗಿಯನ್ನು ಎರಡು ಸಲ ದುಡಿಸುವ ‘ಕಾಂಪೌಂಡ್’ ಎಂಬ ಹೊಸ ಬಗೆಯ ಎಂಜಿನ್ನನ್ನು ತಂದ. ಅದರಲ್ಲಿ ಎಳೆಯುವ ಗಾಲಿ ನಾಲ್ಕು, ನಡುವೆ ಕಪ್ಲಿಂಗ್ ರಾಡು. ತಾನು ಮರಳಿ ತಂದ ಸಿಂಗಲ್‌ಗೆ ಉತ್ತರಾಧಿಕಾರಿಯನ್ನೂ ತಾನೇ ಕೊಟ್ಟುಹೋದ.

ಎಕ್ಸ್‌ಪ್ರೆಸ್‌ಗಳು ಕೈತಪ್ಪಿದ ಮೇಲೆ ಸ್ಪಿನ್ನರ್‌ಗಳಿಗೆ ಚಿಲ್ಲರೆ ಕೆಲಸ ಬಂತು. 1914ರಲ್ಲಿ ಯುದ್ಧ ಶುರುವಾದಾಗ ಅವುಗಳಲ್ಲಿ ಹಲವು ಕೆಲಸವಿಲ್ಲದೆ ಮೂಲೆಯಲ್ಲಿ ನಿಂತಿದ್ದವು. ಯುದ್ಧಕಾಲದಲ್ಲಿ ಎಂಜಿನ್‌ಗಳಿಗೆ ಬರ. ಮತ್ತೆ ಹೊರಗೆಳೆದು ಒಲೆ ಹೊತ್ತಿಸಿದರು. ಲಂಡನ್ನಿಗೆ ಹೋಗುವ ಕಲ್ಲಿದ್ದಲ ಸರಕುಗಾಡಿಗಳ ಮುಂದೆ, ಇನ್ನೊಂದು ಎಂಜಿನ್ನಿಗೆ ಸಹಾಯಕ್ಕೆಂದು ಕಟ್ಟಿದರು. ತೊಂಬತ್ತು ಮೈಲಿ ವೇಗಕ್ಕೆಂದು ಕಟ್ಟಿದ ಗಾಲಿ, ಕಲ್ಲಿದ್ದಲ ಗಾಡಿಯ ಮುಂದೆ ತೆವಳುತ್ತ ನಡೆಯಿತು. ಯುದ್ಧ ಮುಗಿದ ಮೇಲೆ ಒಂದೊಂದಾಗಿ ಗುಜರಿಗೆ ಹೋದವು. ಕೊನೆಯದಾಗಿ 1928ರಲ್ಲಿ ಸೇವೆಯಿಂದ ಇಳಿದ 673ನ್ನು ಮಾತ್ರ ಉಳಿಸಿಕೊಂಡರು. 1980ರಲ್ಲಿ, ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗಕ್ಕೆ 150 ವರ್ಷ ತುಂಬಿದ ಸಂಭ್ರಮಕ್ಕೆ ರೇನ್‌ಹಿಲ್‌ನಲ್ಲಿ ನಡೆದ ಎಂಜಿನ್‌ಗಳ ಮೆರವಣಿಗೆಯಲ್ಲಿ ಅದು ಮತ್ತೆ ಉಗಿ ಹೊಮ್ಮಿಸಿತು. ಆಗ ಅದರ ವಯಸ್ಸು 83.

ಸಿಂಗಲ್ ಹೋಯಿತು, ಉಗಿ ಎಂಜಿನ್ನೂ ಹೋಯಿತು, ಮರಳು ಉಳಿದಿದೆ. ಕಾಪ್ಲಿಂಗ್ ರಾಡಿಲ್ಲದೆ ಎಲ್ಲ ಗಾಲಿಗಳೂ ಎಳೆಯುವ ಇಂದಿನ ಡೀಸೆಲ್ ಮತ್ತು ವಿದ್ಯುತ್ ಎಂಜಿನ್‌ಗಳಿಗೂ ಮರಳಿನ ಪೆಟ್ಟಿಗೆ ತಪ್ಪಿಲ್ಲ. ಇಂಗ್ಲೆಂಡಿನಲ್ಲಿ ಎಲೆ ಉದುರುವ ಕಾಲದಲ್ಲಿ ಅದರದೇ ದರಬಾರು. ಭಾರತೀಯ ರೈಲ್ವೆಯ ಎಂಜಿನ್‌ಗಳಲ್ಲೂ ಅದು ಇದೆ. ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ ಐವತ್ತಕ್ಕೊಂದರ ಏರು, ಕ್ಯಾಸಲ್‌ರಾಕ್ ಕೆಳಗಿನ ಮೂವತ್ತೇಳಕ್ಕೊಂದರ ಏರು, ಮೇಲೆ ಆಷಾಢದ ಮಳೆ ಎಂದರೆ ಅದರ ಬೆಲೆ ಯಾರಿಗಾದರೂ ತಿಳಿದೀತು. ಈಗ ಊದುವುದು ಉಗಿಯಲ್ಲ, ಒತ್ತಡದ ಗಾಳಿ. ಹೋಲ್ಟ್ ಮೊದಲು ಹಿಡಿದು ಕೈಬಿಟ್ಟ ಅದೇ ಗಾಳಿ! ನಿಲ್ದಾಣದಲ್ಲಿ ಎಂಜಿನ್ ನಿಂತಾಗ ಪ್ಲಾಟ್‌ಫಾರ್ಮಿನ ಮೇಲಿಂದಲೇ, ಅಂಚಿನಿಂದ ದೂರ ನಿಂತು, ಎದುರಿನ ಮಾರ್ಗದ ಎಂಜಿನ್ನಿನ ಮೊದಲ ಗಾಲಿಯ ಮುಂದೆ ನೋಡಿ. ಹಳಿಯ ಕಡೆ ಬಾಗಿದ ಬೆರಳಿನಂಥ ಕೊಳವೆಯೊಂದು ಕಾಣುತ್ತದೆ.